ಮಲೆನಾಡಿನ ಮನೆಗೊಂದು ಸಾಲುಧೂಪ

ಉತ್ತರ ಅಮೆರಿಕದ ಶೀತಪ್ರದೇಶಗಳಲ್ಲಿ ಗೃಹಸ್ಥರು ಮನೆಯ ಸುತ್ತ ಬೆಳೆಸುವ, ಸುಗಂಧಮಯ ರಾಳವನ್ನು ಸ್ರವಿಸುವ ಬಾಲ್ಸಮ್ ಫರ್ ವೃಕ್ಷವನ್ನು ಕುರಿತು ಓದಿ, ಅಂತಹುದೊಂದು ನಮ್ಮಲ್ಲಿಯೂ ಇರಬಾರದೇ ಎಂದು ಹಂಬಲಿಸುವವರಿಗೆ, ಹಿಮವನ್ನೇ ಕಾಣದ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಣ್ಣಿಗೆ ಒಗ್ಗಿದ, ಪಶ್ಚಿಮಘಟ್ಟಗಳಿಗೇ ಮೀಸಲಾದ ಸಾಲುಧೂಪವನ್ನು ನೆನಪಿಸಬೇಕಾಗಿದೆ. ಸಸ್ಯಶಾಸ್ತ್ರಜ್ಞರು ವಟೇರಿಯಾ ಇಂಡಿಕಾ ಎಂದು ಕರೆಯುವ ಈ ನಿತ್ಯಹರಿದ್ವರ್ಣದ ಮಹಾವೃಕ್ಷವು ಬಿಳಿಯ ಸುವಾಸಿತ ಹೂಗೊಂಚಲುಗಳನ್ನು ತಳೆಯುವುದು. ಇದರ ರಾಳವು ಧೂಪಕ್ಕೂ ವಾರ್ನಿಷಿಗೂ, ಬೀಜದ ಕೊಬ್ಬು ಮೋಂಬತ್ತಿಗೂ ಸಾಬೂನಿಗೂ ಒದಗುತ್ತ ಬಂದಿವೆ. ರಾಳದಾಸೆಯಿಂದ ಕಾಂಡವನ್ನು ಮತ್ತೆ ಮತ್ತೆ ಗಾಯಗೊಳಿಸಿದುದರ ಫಲವಾಗಿ ಕಾಡಿನ ಮರಗಳು ಕ್ಷೀಣಿಸಿರುವುದು ಬಹು ದುಃಖದ ಸಂಗತಿ.

ಬೆಳೆಸುವುದರಲ್ಲಿ ತ್ವರೆಯೇ ಮುಖ್ಯ. ಮಳೆಗಾಲದ ಆರಂಭದ ಸುಮಾರಿಗೆ ಉದುರುವ ಬೀಜವು ಒಣಗಿದರೆ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುವುದರಿಂದ, ಅದನ್ನು ಕೂಡಿಡದೆ, ಹೆಕ್ಕಿದ ಕೂಡಲೇ ಗೊಬ್ಬರ ಬೆರೆತ ತೇವದ ಮಣ್ಣಿನಲ್ಲಿ ಊರತಕ್ಕದ್ದು. ಎಳೆಯ ಸಸಿ ಬಿಸಿಲನ್ನು ತಾಳದು. ಆದುದರಿಂದ ದೊಡ್ಡ ಮರಗಳ ನೆರಳನ್ನಾಶ್ರಯಿಸಿ ನೆಟ್ಟು, ಮೊದಲ ಬೇಸಗೆಗಳಲ್ಲಿ ನೀರೆರೆದು, ಬುಡಕ್ಕೆ ದರಕನ್ನು ಮುಚ್ಚಬೇಕು. ಬೆಳವಣಿಗೆ ನಿಧಾನವಾದರೂ 30 ಮೀಟರಿನೆತ್ತರಕ್ಕೆ ಏರಬಲ್ಲ ಮರವಾದುದರಿಂದ, ಹೆಂಚಿನ ಮಾಡಿನ ಸಮೀಪವನ್ನು ಬಿಟ್ಟು, ತೋಟದಂಚಿನಲ್ಲೋ ಬ್ಯಾಣದ ಬದಿಯಲ್ಲೋ ವಿಶಾಲವಾದ ಎಡೆಯನ್ನು ಅದಕ್ಕೆ ಕೊಡುವುದೊಳಿತು.