ಮೈಸೂರಿನ ಯೆಜ್ಡಿ: ಹಳೆಯ ಮೋಟಾರ್ ಸೈಕಲ್ಲಿನ ಪುನರುಜ್ಜೀವನ ಮತ್ತು ಆರೈಕೆ

ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಊರಿನಿಂದ ತಂದ ಒಂದಾದರೂ ವಸ್ತು ಇದ್ದೇ ಇರುತ್ತದೆ. ಕೆಲವರಿಗೆ ಅದು ಅಜ್ಜಿಯ ಕಾಲದ ಒರಳುಕಲ್ಲು, ಕೆಲವರಿಗೆ ತಂಬೂರಿ, ಇನ್ನು ಕೆಲವರಿಗೆ ದೇವರ ಪೀಠ. ನನ್ನ ಪಾಲಿಗೆ ಬಂದದ್ದು 1984ರ ಒಂದು ಯೆಜ್ಡಿ ರೋಡ್‌ಕಿಂಗ್ ಮೋಟಾರ್ ಸೈಕಲ್. ಮೈಸೂರಿನಲ್ಲಿರುವ ನನ್ನ ಸೋದರಮಾವನವರು ಅದನ್ನು ಇಪ್ಪತ್ತೆಂಟು ವರ್ಷ ಓಡಿಸಿ, ಬಳಿಕ ಹಿತ್ತಲಿನ ಶೆಡ್ಡಿನಲ್ಲಿ ಹನ್ನೆರಡು ವರ್ಷ ನಿಲ್ಲಿಸಿದ್ದರು. "ಗುಜರಿಗೆ ಹಾಕಲು ಮನಸ್ಸಿಲ್ಲ, ನೀನು ತೊಗೊಂಡು ಹೋಗೋ" ಎಂದರು. ರೈಲಿನ ಪಾರ್ಸೆಲ್ಲಿನಲ್ಲಿ, ಟ್ಯಾಂಕು ಬರಿದು ಮಾಡಿಕೊಂಡು, ಗೋಣಿ ಸುತ್ತಿಕೊಂಡು ಅದು ಮುಂಬಯಿಗೆ ಬಂದಿತು. ಬಂದ ಕೆಲವೇ ವಾರಗಳಲ್ಲಿ ನಮ್ಮ ವಸತಿ ಸಂಘದ ಸಮಿತಿಯಿಂದ ಸೂಚನೆಯೂ ಬಂದಿತು: ಓಡದ ವಾಹನಗಳನ್ನು ಮೂರು ತಿಂಗಳೊಳಗೆ ಆವರಣದಿಂದ ತೆರವುಗೊಳಿಸಬೇಕು. ಹೀಗೆ ಆರಂಭವಾದ ಕೆಲಸದಲ್ಲಿ ಕಲಿತದ್ದನ್ನು, ತಪ್ಪಿ ಕಲಿತದ್ದನ್ನೂ ಸೇರಿಸಿ, ಇಲ್ಲಿ ನಿರೂಪಿಸಿದ್ದೇನೆ.

ಮೈಸೂರಿನ ನಂಟು

ಜಾವಾ ಎಂಬುದು 1929ರಲ್ಲಿ ಅಂದಿನ ಚೆಕೊಸ್ಲೊವಾಕಿಯಾದಲ್ಲಿ ಆರಂಭವಾದ ಸಂಸ್ಥೆ. ಸ್ಥಾಪಕ ಯಾನೆಚೆಕ್ ಮತ್ತು ವಾಂಡರರ್ ಎಂಬೆರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ಆ ಹೆಸರಾಯಿತು. ಅದರ ಸಹಯೋಗದೊಂದಿಗೆ 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆ ಸ್ಥಾಪನೆಗೊಂಡಿತು. ಯಾದವಗಿರಿಯಲ್ಲಿದ್ದ ಆ ಕಾರ್ಖಾನೆ ಮೊದಲು ಜಾವಾ ಹೆಸರಿನಲ್ಲಿಯೂ 1973ರಿಂದ ಯೆಜ್ಡಿ ಹೆಸರಿನಲ್ಲಿಯೂ ವಾಹನಗಳನ್ನು ತಯಾರಿಸಿತು. ರೋಡ್‌ಕಿಂಗ್ ಮಾದರಿ 1978ರಲ್ಲಿ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಬೇರೊಂದು ಸಂಸ್ಥೆಯ ಮೂಲಕ ಮರಳಿ ಬಂದಿವೆಯಾದರೂ ಆ ಹೊಸ ಯಂತ್ರಗಳಿಗೂ ಹಳೆಯವುಗಳಿಗೂ ರಚನೆಯಲ್ಲಿ ಸಂಬಂಧವಿಲ್ಲ.

ಹಳೆಯ ಯೆಜ್ಡಿಯದು 250 ಸಿ.ಸಿ. ವರ್ಗದ ಟೂ-ಸ್ಟ್ರೋಕ್ ಎಂಜಿನ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ನಿನ ಚಲನೆ 75 ಮಿ.ಮೀ. ಎಡಗಡೆಯ ಒಂದೇ ಸನ್ನೆ ಕಿಕ್ ಆಗಿಯೂ ಗೇರ್ ಆಗಿಯೂ ಕೆಲಸ ಮಾಡುವುದು ಇದರ ವೈಶಿಷ್ಟ್ಯ. ವಾಲ್ವ್‌ಗಳಿಲ್ಲ, ಬಿಡಿಭಾಗಗಳು ಕಡಿಮೆ. ಆದ್ದರಿಂದಲೇ ಯಂತ್ರಶಾಸ್ತ್ರ ಓದದ, ಸಾಹಿತ್ಯ ಓದಿ ಲೆಕ್ಕಪುಸ್ತಕಗಳ ನಡುವೆ ಬದುಕಿದ ನನ್ನಂಥವನಿಗೂ ಇದು ಕೈಗೆಟಕುವ ಯಂತ್ರ.

ಮೊದಲು ಕಾಗದ, ಆಮೇಲೆ ಪಾನ

ಪಾನ ಕೈಗೆತ್ತಿಕೊಳ್ಳುವ ಮುನ್ನ ಕಾಗದಪತ್ರಗಳನ್ನು ನೋಡಬೇಕು. ನೋಂದಣಿ ಪುಸ್ತಕದಲ್ಲಿರುವ ಎಂಜಿನ್ ಸಂಖ್ಯೆ ಮತ್ತು ಚಾಸಿ ಸಂಖ್ಯೆಗಳು ವಾಹನದ ಮೇಲಿನ ಅಚ್ಚಿಗೆ ತಾಳೆಯಾಗದಿದ್ದರೆ ಎಷ್ಟು ಖರ್ಚು ಮಾಡಿಯೂ ಪ್ರಯೋಜನವಿಲ್ಲ. ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ಅನಂತರ ತಪಾಸಣೆ ಮಾಡಿಸಿ, ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಳ್ಳುವುದಾದರೆ ಮೂಲ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಮರುನೋಂದಣಿ ಮಾಡಿಸಬೇಕು. ಊರಿನಲ್ಲಿ ಹಿರಿಯರು ಇರುವಾಗಲೇ, ಅವರ ಸಹಿ ಸಿಗುವಾಗಲೇ ಈ ಕೆಲಸ ಮುಗಿಸುವುದು ಜಾಣತನ. ಬ್ಯಾಂಕಿನಲ್ಲಿ ವಾರಸುದಾರರ ಅಲೆದಾಟವನ್ನು ದಿನನಿತ್ಯ ಕಾಣುವವನಾಗಿ ಈ ಮಾತನ್ನು ಒತ್ತಿ ಹೇಳುತ್ತೇನೆ.

50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ 2021ರ ಕೇಂದ್ರ ನಿಯಮಗಳ ಅನ್ವಯ ಪ್ರತ್ಯೇಕ 'ವಿಂಟೇಜ್' ನೋಂದಣಿ ಇದೆ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ದೈನಂದಿನ ಓಡಾಟಕ್ಕೆ ಬಳಸುವಂತಿಲ್ಲ. ದೆಹಲಿಯ ಬಂಧುಗಳಿಗೆ ಒಂದು ಎಚ್ಚರಿಕೆ: ರಾಜಧಾನಿ ವಲಯದಲ್ಲಿ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಬಗ್ಗೆ ನ್ಯಾಯಾಲಯದ ಆದೇಶಗಳಿವೆ, ಅವು ಬದಲಾಗುತ್ತಲೂ ಬಂದಿವೆ. ಸಾರಿಗೆ ಕಚೇರಿಯಲ್ಲಿ ವಿಚಾರಿಸದೆ ಊರಿನಿಂದ ವಾಹನ ತರಿಸಬೇಡಿ.

ಬಿಚ್ಚುವ ಕ್ರಮ

ಬಹುಕಾಲ ನಿಂತ ವಾಹನವನ್ನು ಕಂಡೊಡನೆ ಕಿಕ್ ಹೊಡೆಯುವುದು ಸಹಜವಾದ ಆಸೆ. ಅದನ್ನು ಅದುಮಿಡಬೇಕು. ಸಿಲಿಂಡರಿನೊಳಗೆ ಪಿಸ್ಟನ್ ರಿಂಗುಗಳು ತುಕ್ಕಿನಿಂದ ಅಂಟಿಕೊಂಡಿರಬಹುದು. ಬಲವಂತ ಮಾಡಿದರೆ ರಿಂಗ್ ಮುರಿದು ಸಿಲಿಂಡರಿನ ಗೋಡೆಗೆ ಗೀರು ಬೀಳುತ್ತದೆ. ಪ್ಲಗ್ ಬಿಚ್ಚಿ, ಆ ರಂಧ್ರದಿಂದ ತೆಳುವಾದ ಎಣ್ಣೆಯನ್ನು ಒಂದೆರಡು ಚಮಚದಷ್ಟು ಬಿಟ್ಟು ಎರಡು ಮೂರು ದಿನ ನೆನೆಯಲು ಬಿಡಬೇಕು. ಬಳಿಕ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ನಿಧಾನವಾಗಿ ಹಿಂದೆ ಮುಂದೆ ತಿರುಗಿಸಬೇಕು. ನನ್ನ ಗಾಡಿ ಐದನೆಯ ದಿನ ಕದಲಿತು.

ಬಿಚ್ಚುವಾಗ ಪ್ರತಿ ಹಂತದಲ್ಲೂ ಒಂದು ಛಾಯಾಚಿತ್ರ ತೆಗೆಯಿರಿ. ತಿರುಪು, ನಟ್ಟು, ವಾಷರುಗಳನ್ನು ಬಿಚ್ಚಿದ ಜಾಗದ ಹೆಸರು ಬರೆದ ಪುಟ್ಟ ಡಬ್ಬಿಗಳಲ್ಲಿ ಇರಿಸಿ. ಬಿಚ್ಚಲು ಒಂದು ಭಾನುವಾರ ಸಾಕು, ಹಾಗೆ ಹೆಸರು ಬರೆಯದಿದ್ದರೆ ಜೋಡಿಸಲು ಒಂದು ವರ್ಷವೂ ಸಾಲದು.

ಎಂಜಿನ್ ಬದುಕಲು ಬೇಕಾದ ಮೂರು

ಇಂಧನ, ಕಿಡಿ ಮತ್ತು ಒತ್ತಡ. ಈ ಮೂರೂ ಸರಿಯಾದ ವೇಳೆಗೆ ಕೂಡಿದರೆ ಎಂಜಿನ್ ಚಾಲೂ ಆಗಲೇಬೇಕು.

ಇಂಧನದ ಮಾತು ಟ್ಯಾಂಕಿನಿಂದ ಆರಂಭವಾಗುತ್ತದೆ. ಒಳಗಿನ ತುಕ್ಕನ್ನು ತೆಗೆಯಲು ಸಿಟ್ರಿಕ್ ಆಮ್ಲವನ್ನು (ಅಡುಗೆಯ ನಿಂಬೆ ಉಪ್ಪು) ಬಿಸಿನೀರಿನಲ್ಲಿ ಕರಗಿಸಿ ತುಂಬಿ, ಒಂದು ದಿನ ಬಿಟ್ಟು, ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಕೂಡಲೇ ಒಣಗಿಸಿ, ಒಳಗೆಲ್ಲ ತೆಳುವಾಗಿ ಎಣ್ಣೆ ಸವರಿದಂತೆ ಅಲುಗಿಸಬೇಕು. ತಡಮಾಡಿದರೆ ಮರುದಿನವೇ ಹೊಸ ತುಕ್ಕು ಕಾಣುತ್ತದೆ. ಕಾರ್ಬೊರೇಟರಿನ ಜೆಟ್‌ಗಳ ಸೂಕ್ಷ್ಮ ರಂಧ್ರಗಳನ್ನು ಗಾಳಿಯಿಂದ ಇಲ್ಲವೇ ತೆಳುವಾದ ತಾಮ್ರದ ಎಳೆಯಿಂದ ಮಾತ್ರ ಶುಚಿಗೊಳಿಸಬೇಕು. ಉಕ್ಕಿನ ಸೂಜಿ ತೂರಿಸಿದರೆ ರಂಧ್ರ ದೊಡ್ಡದಾಗಿ ಪೆಟ್ರೋಲಿನ ಪ್ರಮಾಣವೇ ಕೆಡುತ್ತದೆ.

ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರು ಮತ್ತು ಕಾರ್ಕನ್ನು ಕೆಡಿಸುತ್ತದೆ. ಆದುದರಿಂದ ಪೆಟ್ರೋಲ್ ಪೈಪನ್ನೂ ಕಾಕ್‌ನ ವಾಷರುಗಳನ್ನೂ ಎಥನಾಲ್ ತಡೆಯುವಂಥವುಗಳಿಂದ ಬದಲಿಸಬೇಕು. ಒಂದು ತಿಂಗಳಿಗಿಂತ ಹೆಚ್ಚು ಓಡಿಸುವುದಿಲ್ಲವಾದರೆ ಟ್ಯಾಂಕನ್ನೂ ಕಾರ್ಬೊರೇಟರನ್ನೂ ಬರಿದು ಮಾಡಿಡುವುದು ಕ್ಷೇಮ.

ಟೂ-ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್ನಿಗೂ ಬೇರಿಂಗಿಗೂ ಜಿಡ್ಡು ಸಿಗುವುದು ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯಿಂದಲೇ. ಲೀಟರಿಗೆ 40 ಮಿ.ಲೀ., ಅಂದರೆ ಇಪ್ಪತ್ತೈದಕ್ಕೆ ಒಂದು, ಎಂಬುದು ನಾನು ಪಾಲಿಸುವ ಲೆಕ್ಕ. ಐದು ಲೀಟರಿಗೆ 200 ಮಿ.ಲೀ. ಎಣ್ಣೆ ಹಾಕಿ ಗಾಡಿಯನ್ನು ಚೆನ್ನಾಗಿ ಅಲುಗಿಸದಿದ್ದರೆ ಅದು ತಳದಲ್ಲಿ ಕುಳಿತುಬಿಡುತ್ತದೆ.

ಕಿಡಿಯ ವಿಷಯಕ್ಕೆ ಬಂದರೆ, ಈ ಗಾಡಿಗಳದು 6 ವೋಲ್ಟಿನ ವ್ಯವಸ್ಥೆ. ವೋಲ್ಟೇಜು ಕಡಿಮೆಯಿರುವುದರಿಂದ ತುಕ್ಕು ಹಿಡಿದ ಒಂದೇ ಒಂದು ಅರ್ಥ್ ಜೋಡಣೆ ಸಾಕು, ದೀಪ ಮಂಕಾಗಿ ಹಾರ್ನ್ ಮೂಗಾಗುತ್ತದೆ. ಬಣ್ಣ ಕೆರೆದು, ಲೋಹಕ್ಕೆ ಲೋಹ ತಾಗುವಂತೆ ಬಿಗಿದರೆ ಅರ್ಧ ದೋಷ ಅಲ್ಲಿಯೇ ಪರಿಹಾರ. ಬಲಗಡೆಯ ಮುಚ್ಚಳದೊಳಗಿನ ಪಾಯಿಂಟುಗಳನ್ನು ಸ್ವಚ್ಛಗೊಳಿಸಿ, ಪೂರ್ತಿ ತೆರೆದಾಗ 0.4 ಮಿ.ಮೀ. ಅಂತರ ಇರುವಂತೆ ಫೀಲರ್ ಗೇಜಿನಿಂದ ಹೊಂದಿಸಬೇಕು. ಕಂಡೆನ್ಸರ್ ಹಳೆಯದಿದ್ದರೆ ಬದಲಿಸಿಬಿಡಿ. ಮೊದಲ ಬಾರಿ ಎಂಜಿನ್ ಓಡಿದ ದಿನ ನಾನು ಮೈಸೂರಿಗೆ ಫೋನ್ ಮಾಡಿ ಅದರ ಸದ್ದನ್ನು ಕೇಳಿಸಿದೆ. ಎಂಬತ್ತು ದಾಟಿದ ಮಾವನವರು ಅರೆನಿಮಿಷ ಸುಮ್ಮನಿದ್ದು, "ಪಾಯಿಂಟು ಹತ್ತಿರ ಆಗಿದೆ ಕಣೋ, ನೋಡು" ಎಂದರು. ಅಳೆದು ನೋಡಿದರೆ 0.4 ಇರಬೇಕಾದಲ್ಲಿ 0.3 ಕೂಡ ಇರಲಿಲ್ಲ.

ನನ್ನದೊಂದು ತಪ್ಪು

ಮೂರನೆಯದಾದ ಒತ್ತಡದ ವಿಷಯದಲ್ಲಿ ನಾನು ಎಡವಿದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಮೇಲ್ಭಾಗದಲ್ಲಿ ಮಾತ್ರವಲ್ಲ, ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿಯೂ ಗಾಳಿ ಸೋರಬಾರದು. ಏಕೆಂದರೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಅಲ್ಲಿಗೆ ಬಂದು, ಅಲ್ಲಿಂದ ಮೇಲಕ್ಕೆ ತಳ್ಳಲ್ಪಡುತ್ತದೆ. ಕ್ರ್ಯಾಂಕಿನ ಎರಡು ಬದಿಗಳಲ್ಲಿರುವ ರಬ್ಬರಿನ ಆಯಿಲ್ ಸೀಲುಗಳು ವರ್ಷಗಟ್ಟಲೆ ನಿಂತರೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತವೆ. ಕ್ಲಚ್ಚಿನ ಕಡೆಯ ಸೀಲು ಸೋರಿದರೆ ಗೇರ್ ಎಣ್ಣೆ ಒಳಸೇರಿ ದಟ್ಟ ಹೊಗೆ ಬರುತ್ತದೆ, ಆದ್ದರಿಂದ ಅದು ತಿಳಿಯುತ್ತದೆ. ಡೈನಮೋ ಕಡೆಯದು ಸೋರಿದರೆ ಗಾಳಿ ಹೆಚ್ಚು ಸೇರಿ, ಪೆಟ್ರೋಲೂ ಅದರೊಂದಿಗಿನ ಎಣ್ಣೆಯೂ ಸಾಲದಾಗಿ, ಪಿಸ್ಟನ್ ಕಾದು ಹಿಗ್ಗುತ್ತದೆ. ಇದು ಹೊಗೆ ತೋರಿಸಿ ಎಚ್ಚರಿಸುವುದಿಲ್ಲ.

ನಾನು ಸಿಲಿಂಡರನ್ನು ಬೋರ್ ಮಾಡಿಸಿ, 0.25 ಮಿ.ಮೀ. ದೊಡ್ಡದಾದ ಪಿಸ್ಟನ್ ಹಾಕಿಸಿದ್ದೆ. ಸೀಲುಗಳು ಕಣ್ಣಿಗೆ ಚೆನ್ನಾಗಿಯೇ ಕಂಡವು, ಹಾಗೆಯೇ ಬಿಟ್ಟೆ. ಠಾಣೆಯ ಘೋಡ್‌ಬಂದರ್ ರಸ್ತೆಯ ಗಾಯ್‌ಮುಖ್ ಏರಿನಲ್ಲಿ ಎಂಜಿನ್ ಒಮ್ಮೆಗೇ ಬಿಗಿದುಕೊಂಡಿತು. ಹಿಂದಿನ ಚಕ್ರ ನಿಂತೇಹೋಗಿ ಗಾಡಿ ಓಲಾಡಿತು. ಬೆರಳು ಕ್ಲಚ್ಚಿನ ಮೇಲೆ ಇದ್ದುದರಿಂದ ಒತ್ತಿಹಿಡಿದು ಬದಿಗೆ ಬಂದೆ. ಹಿಂದೆಯೇ ಲಾರಿಯೊಂದು ಬರುತ್ತಿತ್ತು. ಅಂದು ಮನೆಗೆ ಬಂದು ಹೆಂಡತಿಗೆ ಹೇಳಲು ಎರಡು ದಿನ ಬೇಕಾಯಿತು. ಅಗ್ಗದ ಎರಡು ಸೀಲುಗಳ ಉದಾಸೀನಕ್ಕೆ ಹೊಸ ಪಿಸ್ಟನ್ನಿನ ವೆಚ್ಚವನ್ನೂ ಅದಕ್ಕಿಂತ ದೊಡ್ಡ ಅಪಾಯವನ್ನೂ ತೆರಬೇಕಾಯಿತು. ಎಂಜಿನ್ ತೆರೆದ ಮೇಲೆ ಸೀಲುಗಳನ್ನು ಕಣ್ಣಳತೆಯಲ್ಲಿ ತೀರ್ಮಾನಿಸದೆ ಬದಲಿಸಿಯೇ ಮುಚ್ಚಬೇಕು. ಬೋರ್ ಆದ ಎಂಜಿನ್ನನ್ನು ಮೊದಲ 500 ಕಿ.ಮೀ. ಐವತ್ತರ ವೇಗ ಮೀರದಂತೆ, ನಡುನಡುವೆ ತಣಿಸುತ್ತ ಓಡಿಸಬೇಕು. ಟೂ-ಸ್ಟ್ರೋಕ್ ಸವಾರನ ಎರಡು ಬೆರಳುಗಳು ಸದಾ ಕ್ಲಚ್ಚಿನ ಮೇಲಿರಬೇಕು.

ನಿಲ್ಲಿಸುವ ಶಕ್ತಿ ಮೊದಲು

ಓಡುವುದಕ್ಕಿಂತ ನಿಲ್ಲುವುದು ಮುಖ್ಯ. ಬ್ರೇಕ್ ಡ್ರಮ್ ತೆರೆದಾಗ ಒಳಗಿನ ಧೂಳನ್ನು ಊದಬೇಡಿ. ಹಳೆಯ ಬ್ರೇಕ್ ಶೂಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ಇರುವ ಸಾಧ್ಯತೆಯಿದೆ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಟೈರು ನೋಡಲು ಹೊಸದಿದ್ದರೂ ಅದರ ಬದಿಯ ನಾಲ್ಕಂಕಿಯನ್ನು ಓದಿ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಬಿರುಕು ಬಿಟ್ಟ ಟೈರು, ತುಕ್ಕು ತಿಂದ ಕೇಬಲ್ಲು, ಸಡಿಲಾದ ಕಡ್ಡಿಗಳು ಇರುವ ಗಾಡಿಯನ್ನು ಗೇಟು ದಾಟಿಸಬೇಡಿ.

ಬಣ್ಣದ ವಿಷಯದಲ್ಲಿ ಆತುರ ಬೇಡ. ಗಟ್ಟಿಯಾಗಿರುವ ಹಳೆಯ ಬಣ್ಣವನ್ನು ಕೆರೆದು ಹೊಸದು ಬಳಿಸಿದರೆ ಹೊಳಪು ಬರುತ್ತದೆ, ಆದರೆ ಕಾರ್ಖಾನೆಯ ಕೈಗೆರೆ ಮತ್ತೆ ಬಾರದು. ಮಾವನವರ ಮೊಣಕಾಲು ತಾಗಿ ಸವೆದ ಟ್ಯಾಂಕಿನ ಭಾಗವನ್ನು ನಾನು ಹಾಗೆಯೇ ಉಳಿಸಿಕೊಂಡಿದ್ದೇನೆ.

ನಿರಂತರ ಆರೈಕೆ

ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ. ನಿಂತಲ್ಲೇ ಎರಡು ನಿಮಿಷ ಚಾಲೂ ಮಾಡಿ ಆರಿಸಿದರೆ ಒಳಗೆ ತೇವ ಉಳಿಯುತ್ತದೆ. ತಿಂಗಳಿಗೊಮ್ಮೆ ಪ್ಲಗ್ ಬಿಚ್ಚಿ ನೋಡಿ: ಕಂದುಬಣ್ಣ ಆರೋಗ್ಯದ ಲಕ್ಷಣ, ಎಣ್ಣೆಗಪ್ಪು ಇದ್ದರೆ ಮಿಶ್ರಣ ಹೆಚ್ಚು, ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು. ಬಿಳುಪು ಕಂಡರೆ ಓಡಿಸುವುದನ್ನು ನಿಲ್ಲಿಸಿ ಕಾರಣ ಹುಡುಕಿ. ಗೇರ್ ಹಾಕುವಾಗ ಕರಕರ ಸದ್ದು ಬಂದರೆ ಮೊದಲು ಕ್ಲಚ್ಚಿನ ಹೊಂದಾಣಿಕೆ ನೋಡಿ. ಈ ಗಾಡಿಯಲ್ಲಿ ಗೇರಿನ ಸನ್ನೆಯೂ ಕ್ಲಚ್ಚನ್ನು ಬಿಡಿಸುತ್ತದೆ. ವರ್ಷಕ್ಕೊಮ್ಮೆ ಗೇರ್ ಎಣ್ಣೆ ಬದಲಿಸಿ, ಸೈಲೆನ್ಸರುಗಳ ಒಳಕೊಳವೆಯ ಮಸಿಯನ್ನು ಕೆರೆಯಿರಿ. ಅದು ಕಟ್ಟಿಕೊಂಡರೆ ಎಂಜಿನ್ ಉಸಿರುಗಟ್ಟಿ ಏರಿನಲ್ಲಿ ಸೋಲುತ್ತದೆ.

ಫ್ಲ್ಯಾಟಿನ ಜೀವನದಲ್ಲಿ ನೆರೆಹೊರೆಯ ಮರ್ಯಾದೆಯೂ ಆರೈಕೆಯ ಒಂದು ಭಾಗ. ಪೆಟ್ರೋಲಿನ ಕೆಲಸ ತೆರೆದ ಜಾಗದಲ್ಲಿ, ಹಗಲಿನಲ್ಲಿ ಮಾತ್ರ. ಲಿಫ್ಟಿನಲ್ಲಿ ಪೆಟ್ರೋಲ್ ಒಯ್ಯಬೇಡಿ, ಅಡುಗೆಮನೆಯ ಬಾಲ್ಕನಿಯಲ್ಲಿ ಇಡಬೇಡಿ. ಬೆಳಗಿನ ಹೊತ್ತು ಗಾಡಿಯನ್ನು ತಳ್ಳಿಕೊಂಡು ಗೇಟು ದಾಟಿಸಿ ಆಮೇಲೆ ಕಿಕ್ ಹೊಡೆಯಿರಿ. ಎಣ್ಣೆಯ ಹೊಗೆ ಎಲ್ಲರಿಗೂ ಹಿತವಲ್ಲವೆಂಬುದನ್ನು ಒಪ್ಪಿಕೊಂಡು, ಮಿತವಾಗಿ ಓಡಿಸಬೇಕಾದ ವಾಹನವಿದು.

ಸಮಿತಿ ಕೊಟ್ಟ ಗಡುವಿಗೆ ನಾಲ್ಕು ದಿನ ಉಳಿದಿರುವಾಗ ಗಾಡಿ ತನ್ನ ಕಾಲಮೇಲೆ ಆವರಣವನ್ನು ಒಂದು ಸುತ್ತು ಬಂದಿತು. ಸೂಚನೆಗೆ ಸಹಿ ಹಾಕಿದ ಕಾರ್ಯದರ್ಶಿಯವರೇ ಕೆಳಗಿಳಿದು ಬಂದು, ತಮ್ಮ ತಂದೆಯವರ ಬಳಿಯೂ ಒಂದು ಜಾವಾ ಇತ್ತೆಂದು ಹೇಳಿದರು. ಜುಲೈ ತಿಂಗಳ ಎರಡನೆಯ ಭಾನುವಾರ ಹಲವು ನಗರಗಳಲ್ಲಿ ಜಾವಾ-ಯೆಜ್ಡಿ ಅಭಿಮಾನಿಗಳು ಕೂಡುತ್ತಾರೆ. ಬಿಡಿಭಾಗ ಎಲ್ಲಿ ಸಿಗುತ್ತದೆ, ಯಾವ ಕುಶಲಕರ್ಮಿಯ ಕೈ ಚೆನ್ನಾಗಿದೆ ಎಂಬುದು ಅಲ್ಲಿ ತಿಳಿಯುವಷ್ಟು ಬೇರೆಲ್ಲೂ ತಿಳಿಯದು. ನಿಮ್ಮ ಊರಮನೆಯ ಶೆಡ್ಡಿನಲ್ಲಿಯೂ ಗೋಣಿ ಹೊದ್ದ ಗಾಡಿಯೊಂದು ಇದ್ದರೆ, ಮುಂದಿನ ಸಲ ಹೋದಾಗ ಮೊದಲು ಅದರ ನೋಂದಣಿ ಪುಸ್ತಕ ಎಲ್ಲಿದೆಯೆಂದು ಹಿರಿಯರನ್ನು ಕೇಳಿ. ಉಳಿದದ್ದನ್ನು ಅವರೇ ಹೇಳಲು ತೊಡಗುತ್ತಾರೆ.