ಗೋಲು ಕಾಯುವ ಕಸುಬು

ನಂಜನಗೂಡಿನ ಶಾಲಾ ಮೈದಾನವಿರಲಿ, ತಿ. ನರಸೀಪುರದ ಹೊರವಲಯದ ಖಾಲಿ ನಿವೇಶನವಿರಲಿ, ಹುಡುಗರು ಫುಟ್‌ಬಾಲ್‌ಗೆ ತಂಡ ಕಟ್ಟುವಾಗ ಒಂದು ಪದ್ಧತಿ ತಪ್ಪುವುದಿಲ್ಲ. ಓಡಬಲ್ಲವರೆಲ್ಲ ಮುಂದೆ, ಚಿಕ್ಕವನೋ, ದಪ್ಪಗಿರುವವನೋ, ತಡವಾಗಿ ಬಂದವನೋ ಗೋಲಿಗೆ. ಎರಡು ಕಲ್ಲಿಟ್ಟು ‘ನೀನ್ ಇಲ್ಲಿ ನಿಂತ್ಕೊಳ್ಳೋ’ ಎಂದರೆ ಮುಗಿಯಿತು. ಇಡೀ ಆಟದಲ್ಲಿ ಹೆಚ್ಚಿನ ಕಲಿಕೆ ಬೇಡುವ ಜಾಗವನ್ನು ಹೀಗೆ ಯಾರಿಗೂ ಬೇಡವಾದವನ ಪಾಲಿಗೆ ಬಿಡುವುದು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಹಳೇ ಮೈಸೂರು ರಾಜ್ಯದ ಕೀಪರ್ ಒಬ್ಬರು 1948ರಲ್ಲೇ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಗೋಲು ಕಾದಿದ್ದಾರೆ. ನಮ್ಮ ಮಕ್ಕಳಿಗೆ ಅವರ ಹೆಸರೇ ಗೊತ್ತಿಲ್ಲ.

ಆ ಹೆಸರಿಗೆ ಬರುವ ಮುಂಚೆ ಕಸುಬನ್ನೊಮ್ಮೆ ಹತ್ತಿರದಿಂದ ನೋಡಬೇಕು. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಪೆನಾಲ್ಟಿ ಚುಕ್ಕೆ ಇರುವುದು 11 ಮೀಟರ್ ದೂರದಲ್ಲಿ. ಜೋರಾಗಿ ಒದ್ದ ಚೆಂಡು ಅಷ್ಟು ದೂರ ದಾಟಲು ಅರ್ಧ ಸೆಕೆಂಡ್ ಸಾಕು. ಚೆಂಡು ಹೊರಟ ಮೇಲೆ ನೋಡಿ, ನಿರ್ಧರಿಸಿ, ಮೂಲೆಗೆ ಹಾರುತ್ತೇನೆ ಎಂದರೆ ಆಗುವ ಮಾತಲ್ಲ. ಆದ್ದರಿಂದ ಕೀಪರ್‌ನ ಕಣ್ಣು ಒದೆಯುವವನ ಸೊಂಟದ ಮೇಲಿರುತ್ತದೆ, ಅವನು ಊರಿದ ಪಾದ ಯಾವ ಕಡೆ ತಿರುಗಿದೆ ಎನ್ನುವುದರ ಮೇಲಿರುತ್ತದೆ.

ಎದುರಾಳಿ ಒಬ್ಬನೇ ಚೆಂಡಿನೊಂದಿಗೆ ನುಗ್ಗಿ ಬಂದಾಗಿನ ಲೆಕ್ಕ ಬೇರೆ. ಗೆರೆಯ ಮೇಲೇ ನಿಂತರೆ ಅವನಿಗೆ ಎರಡೂ ಬದಿಯಲ್ಲಿ ಗೋಲು ತೆರೆದು ಕಾಣುತ್ತದೆ. ನಾಲ್ಕು ಹೆಜ್ಜೆ ಮುಂದೆ ಬಂದರೆ ಅದೇ ಗೋಲು ಕಿರಿದಾಗುತ್ತದೆ. ಇನ್ನೂ ಮುಂದೆ ಬಂದರೆ ತಲೆಯ ಮೇಲಿಂದ ಎತ್ತಿ ಹಾಕುತ್ತಾನೆ. ‘ಆಂಗಲ್ ಮುಚ್ಚುವುದು’ ಎನ್ನುವುದು ಇದಕ್ಕೇ. ಅವನು ಒದೆಯುವ ಹೊತ್ತಿಗೆ ಕೀಪರ್‌ನ ಓಟ ನಿಂತು, ಮಂಡಿ ತುಸು ಮಡಿಚಿ, ಮೈಭಾರ ಮುಂಗಾಲಿಗೆ ಬಂದಿರಬೇಕು. ಎದೆಯೆತ್ತರದ ಚೆಂಡಿಗೆ ಎರಡೂ ಹೆಬ್ಬೆರಳು ಹತ್ತಿರ ಬಂದು ಉಳಿದ ಬೆರಳುಗಳು ಹರಡಿಕೊಳ್ಳಬೇಕು. ಹೆಬ್ಬೆರಳುಗಳ ನಡುವೆ ಸಂದು ಬಿಟ್ಟರೆ ಮಳೆಯಲ್ಲಿ ನೆನೆದ ಚೆಂಡು ಜಾರಿ ನೇರ ಬಲೆಗೆ. ಸೊಂಟಕ್ಕಿಂತ ಕೆಳಗಿನ ಚೆಂಡಿಗೆ ಕಿರುಬೆರಳುಗಳು ಕೂಡಬೇಕು. 1992ರ ನಿಯಮ ಬಂದ ಮೇಲೆ ತನ್ನವರು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೈಯಲ್ಲಿ ಮುಟ್ಟುವಂತಿಲ್ಲ. ಹಾಗಾಗಿ ಇಂದಿನ ಕೀಪರ್‌ಗೆ ಪಾಸ್ ಕೊಡಬಲ್ಲ ಕಾಲುಗಳೂ ಬೇಕು.

ಇನ್ನು ಆ ಹೆಸರು: ಕೆ.ವಿ. ವರದರಾಜ್. ಸ್ವತಂತ್ರ ಭಾರತ ಒಲಿಂಪಿಕ್ಸ್‌ಗೆ ಕಳಿಸಿದ ಮೊದಲ ಫುಟ್‌ಬಾಲ್ ತಂಡದಲ್ಲಿ ಮೈಸೂರು ರಾಜ್ಯದ ಆಟಗಾರರದ್ದೇ ಒಂದು ದೊಡ್ಡ ಗುಂಪಿತ್ತು. ಅಹಮದ್ ಖಾನ್, ಸಾರಂಗಪಾಣಿ ರಾಮನ್, ಧನರಾಜ್, ಬಷೀರ್, ಅವರೊಂದಿಗೆ ವರದರಾಜ್. 1948ರ ಜುಲೈ 31ರಂದು ಲಂಡನ್ ಪಕ್ಕದ ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ಎದುರು ಪಂದ್ಯ. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಎರಡು ಪೆನಾಲ್ಟಿ ಸಿಕ್ಕವು, ಎರಡೂ ಕೈತಪ್ಪಿದವು. ಒಂದು ಗೋಲಿನಿಂದ ಹಿಂದಿದ್ದಾಗ 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಎರಡನೆಯದನ್ನು ಹೊಡೆದು 2–1ರಿಂದ ಗೆದ್ದಿತು. ಆ ಪಂದ್ಯದ ಬಗ್ಗೆ ಬರೆದವರೆಲ್ಲ ಬರಿಗಾಲಿನ ಬಗ್ಗೆ, ಕೈತಪ್ಪಿದ ಪೆನಾಲ್ಟಿಗಳ ಬಗ್ಗೆ ಬರೆಯುತ್ತಾರೆ. ಕೊನೆಯ ನಿಮಿಷಗಳವರೆಗೆ ಫ್ರಾನ್ಸನ್ನು ಒಂದೇ ಗೋಲಿಗೆ ನಿಲ್ಲಿಸಿದ್ದ ಕೀಪರ್‌ಗೆ ಒಂದು ಸಾಲೂ ಸಿಗುವುದಿಲ್ಲ. ಯುರೋಪಿನ ತಂಡಗಳೆದುರು ಗೋಲು ಕಾಯುವುದು ಎಂಥ ಕೆಲಸ ಎಂದು ತಿಳಿಯಲು ನಾಲ್ಕು ವರ್ಷದ ನಂತರದ ಹೆಲ್ಸಿಂಕಿ ಸಾಕು: ಅಲ್ಲಿ ಯುಗೊಸ್ಲಾವಿಯ ನಮಗೆ ಹತ್ತು ಗೋಲು ಹೊಡೆಯಿತು.

ಆ ಕಾಲದಲ್ಲಿ ಫುಟ್‌ಬಾಲ್ ಹೊಟ್ಟೆಪಾಡಾಗಿರಲಿಲ್ಲ. ಮುಂದೆ ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳ ತಂಡಗಳು ಬೆಂಗಳೂರಿನ ಆಟಗಾರರಿಗೆ ನೌಕರಿ ಕೊಟ್ಟವು. ಗೋಲು ಕಾಯುವುದನ್ನೇ ವೃತ್ತಿ ಮಾಡಿಕೊಂಡು, ಪರದೇಶಕ್ಕೂ ಹೋಗಿ ಬಂದವರನ್ನು ಕಣ್ಣಾರೆ ನೋಡಬೇಕಾದರೆ ಇಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋಗಬೇಕು. ಗುರ್‌ಪ್ರೀತ್ ಸಿಂಗ್ ಸಂಧು ಹುಟ್ಟಿದ್ದು ಪಂಜಾಬಿನಲ್ಲಿ. ಆದರೆ 2017ರಿಂದ ಬೆಂಗಳೂರು ಎಫ್‌ಸಿಯ ಗೋಲು ಅವರದು. ನಾವು ಅವರನ್ನು ನಮ್ಮವರೆಂದು ಕರೆದರೆ ತಪ್ಪೇನೂ ಇಲ್ಲ.

ಅವರ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಕಾಯುವಿಕೆ. ಕೋಲ್ಕತ್ತದ ಈಸ್ಟ್ ಬೆಂಗಾಲ್ ಬಿಟ್ಟು 2014ರಲ್ಲಿ ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದಾಗ ಅವರಿಗೆ ಇಪ್ಪತ್ತೆರಡು. ಲೀಗ್ ಪಂದ್ಯವೊಂದರಲ್ಲಿ ಆಡಲು ಸಿಕ್ಕಿದ್ದು 2016ರಲ್ಲಿ. ಮುಂಪಡೆಯ ಆಟಗಾರನಾದರೆ ಹತ್ತು ನಿಮಿಷಕ್ಕಾದರೂ ಇಳಿಸುತ್ತಾರೆ. ಕೀಪರ್‌ಗೆ ಆ ಭಾಗ್ಯವಿಲ್ಲ. ಒಂದನೇ ಕೀಪರ್ ಗಾಯಗೊಳ್ಳಬೇಕು, ಇಲ್ಲವೇ ಎಡವಬೇಕು. ಅಲ್ಲಿಯವರೆಗೆ ಚಳಿಯಲ್ಲಿ ಪ್ರತಿದಿನ ನೂರಾರು ಚೆಂಡು ತಡೆದು, ಪಂದ್ಯದ ದಿನ ಬೆಂಚಿನ ಮೇಲೆ ಕೂರಬೇಕು. ಆ ವರ್ಷದ ಜೂನ್ 30ರಂದು ವೇಲ್ಸ್‌ನ ಕೊನಾಸ್ ಕೀ ತಂಡದೆದುರು ಅವರು ಇಳಿದಾಗ ಯುರೋಪಾ ಲೀಗ್ ಆಡಿದ ಮೊದಲ ಭಾರತೀಯರಾದರು. ನಾರ್ವೆಯಲ್ಲಿ ಬೆಂಚಿನ ಮೇಲೆ ಕಳೆದ ಆ ದಿನಗಳು ವ್ಯರ್ಥವಾಗಲಿಲ್ಲ ಎಂದು ನಾನು ನಂಬುತ್ತೇನೆ. 2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ, ಎಂದಿನ ನಾಯಕ ಸುನಿಲ್ ಛೆಟ್ರಿ ಇಲ್ಲದ ಭಾರತ ತಂಡಕ್ಕೆ ನಾಯಕರಾಗಿ, ಏಷ್ಯಾ ಚಾಂಪಿಯನ್ ಕತಾರ್‌ಗೆ ಒಂದೂ ಗೋಲು ಬಿಡದೆ 0–0 ಮಾಡಿಸಿದರಲ್ಲ, ಆ ತಾಳ್ಮೆ ಒಂದೇ ದಿನದಲ್ಲಿ ಬರುವಂಥದ್ದಲ್ಲ.

ಕಂಠೀರವದಲ್ಲಿ 2023ರ ಜುಲೈ 4ರ ರಾತ್ರಿ. ಸ್ಯಾಫ್ ಕಪ್ ಫೈನಲ್, ಕುವೈತ್ ಎದುರು 1–1. ಐದೈದು ಪೆನಾಲ್ಟಿ ಮುಗಿದರೂ ಸಮ. ಮಹೇಶ್ ಸಿಂಗ್ ಆರನೆಯದನ್ನು ಬಲೆಗೆ ಹಾಕಿದರು. ಖಾಲಿದ್ ಹಾಜಿಯಾ ಒದ್ದ ಚೆಂಡನ್ನು ಗುರ್‌ಪ್ರೀತ್ ಎಡಕ್ಕೆ ಹಾರಿ ತಳ್ಳಿದರು. ಕಪ್ ಭಾರತದ್ದಾಯಿತು.

ಬೆಂಚಿನಿಂದ ನೇರ ಫೈನಲ್‌ಗೆ ಬಂದವರೂ ಇದ್ದಾರೆ. 2016ರ ಎಎಫ್‌ಸಿ ಕಪ್ ಫೈನಲ್‌ಗೆ ಬೆಂಗಳೂರು ಎಫ್‌ಸಿಯ ಒಂದನೇ ಕೀಪರ್ ಅಮರಿಂದರ್ ಅಮಾನತಿನಿಂದ ಹೊರಗುಳಿದಾಗ ಮಿಜೋರಾಂನ ಲಾಲ್‌ಥುಆಮ್ಮಾವಿಯಾ ರಾಲ್ಟೆ ಇಳಿದರು. ಇರಾಕಿನ ಏರ್ ಫೋರ್ಸ್ ಕ್ಲಬ್ ಗೆದ್ದದ್ದು ಒಂದೇ ಗೋಲಿನಿಂದ.

ಪಂಜಾಬಿನಿಂದ, ಮಿಜೋರಾಂನಿಂದ ಬರುವ ಕೀಪರ್ ನಮ್ಮ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಿಂದ ಬರಬಾರದೆಂದಿಲ್ಲ. ಹುಡುಗಿಯರೂ ಅಷ್ಟೇ, ಅದಿತಿ ಚೌಹಾಣ್ ಇಂಗ್ಲೆಂಡಿಗೆ ಓದಲು ಹೋಗಿ ವೆಸ್ಟ್ ಹ್ಯಾಮ್ ಮಹಿಳಾ ತಂಡದ ಗೋಲು ಕಾದರು. ಕೀಪರ್ ಕಲಿಯಬೇಕಾದ ಮೊದಲ ಪಾಠ ಬೀಳುವುದು. ನಮ್ಮ ಮೈದಾನಗಳ ಗಟ್ಟಿ ಕೆಮ್ಮಣ್ಣಿನಲ್ಲಿ ಬಿದ್ದವನ ಮೊಣಕೈ ಸುಲಿದು, ಮಾರನೇ ದಿನ ಅವನು ಗೋಲಿನ ಹತ್ತಿರವೂ ಸುಳಿಯುವುದಿಲ್ಲ. ಮರಳಿನ ಮೇಲೆ ಆ ಭಯವಿಲ್ಲ. ತಲಕಾಡಿನ ಮರಳಿರುವ ತಾಲ್ಲೂಕಿನವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಶಾಲೆಯ ಮೂಲೆಯಲ್ಲಿ ಒಂದು ಮರಳಿನ ಗುಂಡಿ ಮಾಡಿದರೆ ಸಾಕು, ಲಾಂಗ್ ಜಂಪ್‌ಗೆ ಇರುವುದೇ ಆದೀತು. ಮೊದಲ ವಾರ ಮಂಡಿಯೂರಿ ಬೀಳಿಸಬೇಕು: ತೊಡೆ, ಪಕ್ಕೆ, ಭುಜ ಒಂದರ ಹಿಂದೊಂದು ನೆಲ ಮುಟ್ಟಬೇಕು, ಮೊಣಕೈ ಮಾತ್ರ ಊರಬಾರದು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಆಮೇಲೆ ನಿಂತು. ಚೆಂಡನ್ನು ಕಾಲಿಂದ ಒದೆಯದೆ ಕೈಯಿಂದ ಉರುಳಿಸಿ ಕೊಡಬೇಕು. ಬೀಳುವುದು ಅಭ್ಯಾಸವಾದ ಮೇಲೆ ಹುಲ್ಲಿಗೆ ಕರೆತಂದು, ಮೈದಾನದಲ್ಲಿ ಬಲವಾಗಿ ಒದೆಯುವ ಹುಡುಗನನ್ನು ಎದುರಿಗೆ ನಿಲ್ಲಿಸಬಹುದು.