ಉಣುಗಿನ ಬೆನ್ನುಹತ್ತಿದ ವಿಜ್ಞಾನ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಅಡಕೆಯ ಕೊಯ್ಲು ಮುಗಿದು ತೋಟಕ್ಕೆ ತರಗೆಲೆ ಹೊರುವ ಕಾಲ ಬಂದಿತೆಂದರೆ, ಸೊಪ್ಪಿನ ಬೆಟ್ಟದಲ್ಲಿ ಮಂಗವೊಂದು ಸತ್ತುಬಿದ್ದಿದೆಯೆಂಬ ಒಂದೇ ಸುದ್ದಿಗೆ ಊರಿನ ಆಳುಗಳೆಲ್ಲ ಕಾಡಿಗೆ ಬೆನ್ನುಹಾಕುವರು. ಜನರು ಮಂಗನ ಕಾಯಿಲೆಯೆಂದೂ ವೈದ್ಯರು ಕ್ಯಾಸನೂರು ಅರಣ್ಯರೋಗವೆಂದೂ ಕರೆಯುವ ಈ ಜ್ವರವು ಮೊದಲು ಸೊರಬ, ಸಾಗರಗಳ ಕಾಡುಗಳಲ್ಲಿದ್ದು, ಬರಬರುತ್ತ ಈ ಮೂರು ತಾಲ್ಲೂಕುಗಳನ್ನೂ ಹೊಕ್ಕಿತು. ಜ್ವರವನ್ನು ಬಲ್ಲವರು ಇಲ್ಲಿ ಮನೆಮನೆಯಲ್ಲಿರುವರು. ಅದರ ಮೂಲವನ್ನರಸಿ ಕಾಡು ಅಲೆದವರನ್ನು ಬಲ್ಲವರು ಮಾತ್ರ ವಿರಳ.

1957ರ ಬೇಸಗೆಯಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಸಾಯತೊಡಗಿದಾಗ, ಭಾರತಕ್ಕೆ ಎಂದೂ ಕಾಲಿಡದ ಹಳದಿ ಜ್ವರವೇ ಬಂದಿತೇನೋ ಎಂದು ಪಂಡಿತರು ಶಂಕಿಸಿದರು. ಮಂಗಗಳನ್ನು ಹೀಗೆ ಕೊಲ್ಲುವ ಖ್ಯಾತಿ ಆ ರೋಗಕ್ಕಿದ್ದುದರಿಂದ ಶಂಕೆ ನಿರಾಧಾರವಾಗಿರಲಿಲ್ಲ. ಪುಣೆಯ ವೈರಸ್ ಸಂಶೋಧನ ಕೇಂದ್ರದಿಂದ ಬಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಪರೀಕ್ಷಿಸಲಾಗಿ ಕಂಡದ್ದು ಬೇರೊಂದು ವೈರಸ್, ರಷ್ಯಾದ ಅರಣ್ಯಗಳ ಮೆದುಳುಜ್ವರಕ್ಕೆ ಸಮೀಪದ ದಾಯಾದಿ. ಅದರ ವಾಹಕ ಸೊಳ್ಳೆಯಲ್ಲ, ನಮ್ಮ ದನಗಳ ಕಿವಿಯಲ್ಲಿ ತೊಂಗುವ ಉಣುಗು.

ಈ ಉಣುಗಿನ ಚರಿತ್ರೆಯನ್ನು ತಿಳಿಯಲು ಸಾಗರದ ಕ್ಷೇತ್ರಕೇಂದ್ರದಲ್ಲಿ ವರ್ಷಗಳನ್ನು ಸವೆಸಿದವರಲ್ಲಿ ಪಿ. ಕೆ. ರಾಜಗೋಪಾಲನ್ ಎಂಬ ಕೀಟವಿಜ್ಞಾನಿಯೊಬ್ಬರು. ಅಲ್ಲಿನ ಕೆಲಸದ ಮುಖ್ಯ ಉಪಕರಣ ಸೂಕ್ಷ್ಮದರ್ಶಕವಲ್ಲ, ಒಂದು ತುಂಡು ಬಟ್ಟೆ! ಅದನ್ನು ಕಾಡಿನ ನೆಲದ ಮೇಲೆ ಎಳೆದುಕೊಂಡು ನಡೆದು, ಅಂಟಿಕೊಂಡ ಉಣುಗುಗಳನ್ನು ಹೆಕ್ಕಿ, ಜಾತಿ ಗುರುತಿಸಿ, ಎಣಿಸುವುದು. ಇಲಿ, ಮೂಗಿಲಿ, ಅಳಿಲುಗಳನ್ನು ಹಿಡಿದು ಮೈ ಶೋಧಿಸುವುದು. ಇಂತಹ ನೀರಸ ಶ್ರಮದಿಂದಲೇ ಕಾಡಿನ ಪಂಚಾಂಗ ತೆರೆದುಕೊಂಡಿತು. ಮಳೆಗಾಲದಲ್ಲಿ ಬೆಳೆದ ಉಣುಗು ದನದ ರಕ್ತ ಕುಡಿದು ನೆಲಕ್ಕುದುರಿ ಮೊಟ್ಟೆಯಿಡುವುದು. ಮಳೆ ತೀರಿದ ಮೇಲೆ ಮರಿಗಳು. ಡಿಸೆಂಬರಿನಿಂದ ಮೇವರೆಗೆ ಸಾಸಿವೆಕಾಳಿನಷ್ಟೂ ಇಲ್ಲದ ಎಳೆ ಉಣುಗುಗಳು, ಮನುಷ್ಯನನ್ನು ಕಚ್ಚುವುವು ಇವೇ. ಮಂಗ ಸತ್ತೊಡನೆ ಅದರ ಮೈಯ ಉಣುಗುಗಳು ಅಲ್ಲಿಯೇ ಉದುರಿ, ಆ ನೆಲವೇ ವಿಷಸ್ಥಾನವಾಗುವುದು.

ಸಾಗರದಲ್ಲಿ ರಾಜಗೋಪಾಲನ್ನರ ಜೊತೆಗಾರರಾಗಿದ್ದ ಹೋರ್ಹೆ ಬೊಶೆಲ್ ಕೊಲಂಬಿಯಾದವರು. ತಮ್ಮ ದೇಶದಲ್ಲಿ, ಕಡಿದುರುಳಿಸಿದ ಮರದ ನೆತ್ತಿಯಿಂದ ಹಳದಿ ಜ್ವರದ ಸೊಳ್ಳೆಗಳು ಕೆಳಗಿಳಿಯುವುದನ್ನು ಕಂಡವರು ಇವರೇ. ಕಾಡು ಕಡಿದು ಗದ್ದೆ ಮಾಡಿ, ಅಂಚಿನಲ್ಲಿ ದನ ಮೇಯಿಸಿದುದರಿಂದ ಉಣುಗು ವೃದ್ಧಿಯಾಗಿ, ಕಾಡಿನೊಳಗೆ ಅಡಗಿದ್ದ ವೈರಸ್ ಹೊರಬಿದ್ದಿತೆಂದು 1969ರಲ್ಲಿ ಅವರು ಪ್ರತಿಪಾದಿಸಿದರು. ದೋಷವನ್ನು ಮಂಗನ ತಲೆಗೆ ಕಟ್ಟಿದ ನಮಗೆ ಈ ಮಾತು ಅಷ್ಟೇನೂ ಹಿತವಲ್ಲ.

ಲಸಿಕೆಯ ಕಥೆ ಇಷ್ಟು ಸುಗಮವಾಗಿ ಸಾಗಲಿಲ್ಲ. ಮೊದಲು ರಷ್ಯಾದ ಮೆದುಳುಜ್ವರದ ಲಸಿಕೆಯನ್ನು ಪ್ರಯೋಗಿಸಿದರು, ಫಲಿಸಲಿಲ್ಲ. ಬಳಿಕ ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿದ ವೈರಸ್ಸನ್ನು ಫಾರ್ಮಲಿನ್ನಿನಿಂದ ಕೊಂದು ಸಿದ್ಧಪಡಿಸಿದ ಲಸಿಕೆ ಬಂದಿತು. ಎರಡು ಸೂಜಿ, ಮೇಲೆ ವರ್ಷವರ್ಷವೂ ಬಲವರ್ಧಕ ಸೂಜಿ. ಇಷ್ಟಾದರೂ ರಕ್ಷಣೆ ಅಪೂರ್ಣ, ನೋವಿಗಂಜಿ ತಪ್ಪಿಸಿಕೊಂಡವರೂ ಹಲವರು. 2022ರಲ್ಲಿ ಅದೂ ನಿಂತಿತು.

ಸಾಗರದ ದಿನಗಳ ಬಳಿಕ ರಾಜಗೋಪಾಲನ್ 1975ರಿಂದ 1990ರವರೆಗೆ ಪಾಂಡಿಚೇರಿಯ ವಾಹಕ ನಿಯಂತ್ರಣ ಸಂಶೋಧನ ಕೇಂದ್ರದ ನಿರ್ದೇಶಕರಾಗಿದ್ದು, ಆನೆಕಾಲು ರೋಗವನ್ನು ಹರಡುವ ಸೊಳ್ಳೆಗಳನ್ನು ಎದುರಿಸಿದರು. ಕೇರಳದ ಚೇರ್ತಲದಲ್ಲಿ ಆ ಸೊಳ್ಳೆಯ ಮರಿಗಳು ಅಂತರಗಂಗೆಯ ಬೇರಿಗೆ ಅಂಟಿಕೊಂಡು ಉಸಿರಾಡುತ್ತಿದ್ದುವು. ಅವರ ಕೇಂದ್ರ ಊರವರಿಂದಲೇ ಆ ಕಳೆ ಕೀಳಿಸಿ, ಅದೇ ಕೊಳಗಳಲ್ಲಿ ಮೀನು ಸಾಕಿಸಿತು. ಔಷಧಿಗಿಂತ ಮೊದಲು ನೆಲವನ್ನು ಓದಬೇಕೆಂಬ ಸಾಗರದ ಕ್ರಮವೇ ಅಲ್ಲಿಯೂ ನಡೆಯಿತೆಂದು ನನ್ನ ಎಣಿಕೆ. 1990ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಹೊಸ ಲಸಿಕೆ ಕೈಗೆ ಬರುವವರೆಗೆ ಮಲೆನಾಡಿನವರಿಗೆ ಆಧಾರ ಆ ಬಟ್ಟೆಯೆಳೆದವರು ಗಳಿಸಿಕೊಟ್ಟ ತಿಳಿವಳಿಕೆಯೇ. ಆದುದರಿಂದ ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಸವರಿಕೊಳ್ಳಿರಿ. ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿರಿ. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿರಿ. ಜ್ವರ ಬಂದರೆ ಕಾಡಿಗೆ ಹೋಗಿದ್ದುದನ್ನು ವೈದ್ಯರಿಂದ ಮರೆಮಾಚದಿರಿ.